ಹಲಗೆಯಿಂದ ಹಾರಿದವರ ಪಟ್ಟಿ

ನಮ್ಮ ಆಫೀಸಿನ ಹಿಂಬಾಗಿಲಿಗೆ ಐದು ಮೆಟ್ಟಿಲು. ಅವರು ಅದರಲ್ಲಿ ಮೂರನ್ನು ಮಾತ್ರ ಇಳಿಯುತ್ತಿದ್ದರು. ಮೂರನೆಯದರ ಮೇಲೆ ನಿಂತು, ಕೈಯಲ್ಲಿದ್ದ ಊಟದ ಡಬ್ಬಿಯನ್ನು ಪಕ್ಕಕ್ಕಿಟ್ಟು, ಎರಡೂ ಪಾದ ಜೋಡಿಸಿ, ಉಳಿದೆರಡನ್ನು ಒಂದೇ ಸಲಕ್ಕೆ ಹಾರಿ ಪಾರ್ಕಿಂಗ್ ಲಾಟಿನ ಡಾಂಬರಿನ ಮೇಲೆ ಇಳಿಯುತ್ತಿದ್ದರು. ಮೊಣಕಾಲು ಒಂದಿಷ್ಟು ಬಾಗುತ್ತಿತ್ತು, ಸದ್ದು ಮಾತ್ರ ಆಗುತ್ತಿರಲಿಲ್ಲ. ಆಮೇಲೆ ನೆಟ್ಟಗೆ ನಿಂತು, ಮನಸ್ಸಿನಲ್ಲೇ ಮೂರು ಎಣಿಸಿ, ತಿರುಗಿ ಡಬ್ಬಿ ಎತ್ತಿಕೊಂಡು ಕಾರಿನ ಕಡೆ ನಡೆಯುತ್ತಿದ್ದರು. ವಯಸ್ಸು ಅರವತ್ತಾರು.

"ಅಲ್ನೋಡಲೇ, ಮುದುಕಾ ಕಪ್ಪಿ ಹಂಗ ಜಿಗದಾ!" ಎಂದು ಮೊದಲ ದಿನ ತೋರಿಸಿದವನು ಬಸವರಾಜ. ಗದಗಿನ ಕಡೆಯವನು. ನನ್ನ ಪ್ರಾಜೆಕ್ಟಿನಲ್ಲೇ ಇದ್ದ, ಅವನ ಕಾರಿನಲ್ಲೇ ನಾನು ದಿನಾ ಹೋಗಿಬರುತ್ತಿದ್ದೆ. ಅವತ್ತಿನಿಂದ ನಮ್ಮಿಬ್ಬರ ಮಾತಿನಲ್ಲಿ ಅವರು ಕಪ್ಪೆ ಅಜ್ಜ. ಅವರ ನಿಜವಾದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರುಗಳ ವಿಷಯದಲ್ಲಿ ನಾನು ಅವರಿಗೆ ಮಾಡಿದ್ದು ಒಂದು ಸಲಕ್ಕೆ ಸಾಕು.

ಹೋದ ತಿಂಗಳು ಅವರ ಮಗಳಿಂದ ಒಂದು ಪಾರ್ಸೆಲ್ ಬಂತು. ಜೊತೆಗಿದ್ದ ಚೀಟಿಯಲ್ಲಿ ಎರಡೇ ಸಾಲು. ಅಪ್ಪ ಫೆಬ್ರವರಿಯಲ್ಲಿ ತೀರಿಕೊಂಡರು, ಇದನ್ನು ನಿಮಗೆ ಕಳಿಸಬೇಕೆಂದು ಹೇಳಿದ್ದರು. ಒಳಗೆ ನೀಲಿ ರಟ್ಟಿನ ಒಂದು ಪುಸ್ತಕ. ಅದನ್ನು ಅವರಿಗೆ ಕೊಟ್ಟವನು ನಾನೇ. ಅದು ಯಾಕೆ ನನ್ನ ಮನೆಗೇ ವಾಪಸು ಬಂತು ಎನ್ನುವುದನ್ನು ಹೇಳಬೇಕಾದರೆ ಮೊದಲಿಂದ ಹೇಳಬೇಕು.

ಆಗ ಅಮೆರಿಕದ ಪಿಸ್ಕಾಟವೇ ಊರಿನ ಟೆಲಿಫೋನ್ ಕಂಪನಿಗಳಲ್ಲಿ ನಮ್ಮಂಥವರಿಗೆ ಹಬ್ಬ. ಹಳೆಯ ಪ್ರೋಗ್ರಾಂಗಳು ಇಸವಿಯನ್ನು ಎರಡೇ ಅಂಕೆಯಲ್ಲಿ ಬರೆದಿದ್ದವು; ಎರಡು ಸಾವಿರ ಬಂದರೆ ಎಲ್ಲ ಕುಸಿಯುತ್ತದೆ ಎಂಬ ಹೆದರಿಕೆಯಿಂದ ವಿಮಾನಗಟ್ಟಲೆ ನಮ್ಮನ್ನು ಕರೆಸಿಕೊಂಡಿದ್ದರು. ನಾನು ತುಮಕೂರಿನವನು. ಅಪ್ಪ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ. ನಮ್ಮ ವಂಶದಲ್ಲಿ ಹತ್ತನೇ ಕ್ಲಾಸು ದಾಟಿದ ಮೊದಲನೆಯವನು ನಾನು. ಇಂಜಿನಿಯರಿಂಗ್ ಮುಗಿಸಿದವನೂ ನಾನೇ. ಡಿಗ್ರಿ ಸರ್ಟಿಫಿಕೇಟನ್ನು ಸೂಟ್‌ಕೇಸಿಗೆ ಹಾಕಲು ಧೈರ್ಯವಾಗದೆ ಕೈಚೀಲದಲ್ಲಿಟ್ಟುಕೊಂಡು ಬಂದು, ಅಪಾರ್ಟ್‌ಮೆಂಟಿನ ಗೋಡೆಗೆ ಮೊದಲು ಹೊಡೆದ ಮೊಳೆಗೇ ಅದನ್ನು ತೂಗುಹಾಕಿದ್ದೆ. ಹೆಮ್ಮೆ ಇತ್ತು. ಈಗಲೂ ಇದೆ, ಸುಳ್ಳು ಹೇಳುವುದಿಲ್ಲ.

ಆ ಹಳೆಯ ಪ್ರೋಗ್ರಾಂಗಳಲ್ಲಿ ಅರ್ಧ ಬರೆದವರು ಕಪ್ಪೆ ಅಜ್ಜ. ನನ್ನ ಪಕ್ಕದ ಕ್ಯೂಬ್, ಅಂದರೆ ಅರ್ಧ ಗೋಡೆಯ ಗೂಡು, ಅವರದು. ಮೊದಲ ವಾರವೇ ಕೇಳಿದ್ದೆ, "ಯಾವ ಕಾಲೇಜು?" ಎಂದು.

"ಹೋಗಲಿಲ್ಲ. ಆರ್ಮಿಯಲ್ಲಿ ಕಂಪ್ಯೂಟರಿಗೆ ಕಾರ್ಡ್ ತೂತು ಹಾಕ್ತಿದ್ದೆ. ಅಲ್ಲಿಂದ ಇಲ್ಲಿಗೆ."

ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವರ ಮಾತು ಹೀಗೇ, ತುಂಡು ತುಂಡು. ಡಿಗ್ರಿ ಇಲ್ಲದ ಮನುಷ್ಯ ಎಂದು ತಿಳಿದ ಕ್ಷಣ ನನ್ನೊಳಗೆ ಒಂದು ಸಣ್ಣ ಕುರ್ಚಿ ಮೇಲಕ್ಕೆದ್ದಿತು, ಅದರ ಮೇಲೆ ನಾನು ಕೂತೆ. ಮರ್ಯಾದೆ ಕಡಿಮೆ ಮಾಡಲಿಲ್ಲ. ಆದರೆ ಅವರು ಹೇಳಿದ್ದನ್ನು ಆಮೇಲೆ ಕಥೆ ಕೇಳುವಂತೆ ಕೇಳಿದೆ, ಕೆಲಸದ ಮಾತಿನಂತೆ ಕೇಳಲಿಲ್ಲ.

ಜೂನ್ ಒಂದನೇ ತಾರೀಖು ನನ್ನ ಹುಟ್ಟುಹಬ್ಬಕ್ಕೆಂದು ಮ್ಯಾನೇಜರ್ ಕೇಕು ತರಿಸಿದಳು. ಕೇಕಿನ ಮೇಲೆ ಬಸವರಾಜನ ಹೆಸರೂ ಇತ್ತು. ಅವನದೂ ಜೂನ್ ಒಂದು. ಒಂದೇ ಟೀಮಿನಲ್ಲಿ ಇಬ್ಬರದು ಒಂದೇ ದಿನ, ಎಂಥ ಆಶ್ಚರ್ಯ ಎಂದು ಎಲ್ಲರೂ ಚಪ್ಪಾಳೆ ಹೊಡೆದರು.

"ಆಶ್ಚರ್ಯ ಏನೈತಿ ಅದರಾಗ?" ಎಂದು ಬಸವರಾಜ ನನ್ನ ಕಿವಿಯಲ್ಲಿ ಪಿಸುಗುಟ್ಟಿದ. "ನಮ್ಮ ಸಾಲಿ ಮಾಸ್ತರ ಕಡೆ ಎಲ್ಲಾರೂ ಜೂನ್ ಒಂದಕ್ಕ ಹುಟ್ಟೂದು. ವರ್ಷದಾಗ ಉಳದ ದಿನಾ ಹೆರಿಗಿಗೆ ಸೂಟಿ."

ನನಗೆ ನಗು ತಡೆಯಲಾಗಲಿಲ್ಲ. ಯಾಕೆಂದು ಕಪ್ಪೆ ಅಜ್ಜ ಕೇಳಿದರು. ಹೇಳಿದೆ: ನಮ್ಮ ಕಡೆ ಹುಟ್ಟಿದ ದಿನ ಯಾರೂ ಬರೆದಿಡುತ್ತಿರಲಿಲ್ಲ, ಶಾಲೆಗೆ ಸೇರಿಸುವಾಗ ಮೇಷ್ಟರು ಲೆಕ್ಕ ಹಾಕಿ, ವಯಸ್ಸು ಸರಿಹೋಗುವಂತೆ ಜೂನ್ ಒಂದು ಎಂದು ಬರೆದುಕೊಳ್ಳುತ್ತಿದ್ದರು. ಪಾಸ್‌ಪೋರ್ಟು, ವೀಸಾ, ಡಿಗ್ರಿ, ಎಲ್ಲಕ್ಕೂ ಅದೇ.

ಅವರು ನಗಲಿಲ್ಲ. "ಹಾಗಾದರೆ ನೀನು ಹುಟ್ಟಿದ್ದು ಯಾವತ್ತು?"

"ಗೊತ್ತಿಲ್ಲ. ಅಮ್ಮ ಹೇಳ್ತಾಳೆ, ಕೆರೆ ಒಡೆದ ವರ್ಷ, ರಾಗಿ ಕುಯ್ಲಾದ ಮಾರನೇ ದಿನ ಅಂತ."

"ಅದು ಸಾಕ್ಷಿ!" ಎಂದು ಮೇಜು ಬಡಿದರು. "ಕೆರೆ ಒಡೆದದ್ದು ಯಾವತ್ತು ಅಂತ ಹುಡುಕು. ಯಾರಾದರೂ ಬರೆದಿರ್ತಾರೆ."

ಸಂಜೆ ನನ್ನ ಮೇಜಿನ ಮೇಲೆ ಅವರ ಶುಭಾಶಯದ ಕಾರ್ಡು ಇತ್ತು. ಜೂನ್ ಒಂದು ಎಂದು ಪೆನ್ನಿನಲ್ಲಿ ಬರೆದು, ಅದರ ಮುಂದೆ ಪೆನ್ಸಿಲಿನಿಂದ ಮೆತ್ತಗೆ ಒಂದು ಪ್ರಶ್ನೆ ಗುರುತು. "ಅದೇನು ಪೆನ್ಸಿಲಿನಲ್ಲಿ?" ಎಂದೆ.

"ಪ್ರಶ್ನೆ ಗುರುತನ್ನ ಯಾವತ್ತೂ ಪೆನ್ನಿಂದ ಹಾಕಬಾರದು. ಒಂದು ದಿನ ಅಳಿಸ್ತೀವಿ ಅನ್ನೋ ನಂಬಿಕೆ ಇರಬೇಕು."

ಅದಾದ ಮೇಲೆಯೇ ನಮಗೆ ಸಲಿಗೆ ಬೆಳೆದದ್ದು. ಒಂದು ಮಧ್ಯಾಹ್ನ ಮೂವರೂ ಆ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಊಟ ಮಾಡುತ್ತಿದ್ದಾಗ, ದಿನಾ ಯಾಕೆ ಹಾರುತ್ತೀರಿ ಎಂದು ಕೇಳಿಯೇಬಿಟ್ಟೆ.

"ನನ್ನಪ್ಪ ಹಾರ್ತಿದ್ದ. ಬ್ರೂಕ್ಲಿನ್‌ನಲ್ಲಿ ನಮ್ಮ ಮನೆ ಮೆಟ್ಟಿಲಿಂದ, ದಿನಾ ಕೊನೇ ಎರಡು. ಎಲ್ಲರ ಅಪ್ಪಂದಿರೂ ಹಾಗೇ ಇಳೀತಾರೆ ಅಂದ್ಕೊಂಡಿದ್ದೆ."

ಅವರ ತಂದೆ ಸ್ವೀಡನ್ನಿನ ಒಂದು ಸಣ್ಣ ಊರಿನ ಬಡಗಿ. ಇಪ್ಪತ್ತನೆಯ ಶತಮಾನ ಆಗತಾನೇ ಕಣ್ಣುಬಿಟ್ಟಿದ್ದ ಕಾಲ. ಆಗ ಅಲ್ಲಿ ಕ್ರೀಡಾಕೂಟವೆಂದರೆ ಓಟ, ಎಸೆತಗಳ ಜೊತೆಗೆ ಜಿಮ್ನಾಸ್ಟಿಕ್ ಶಾಲೆಗಳಿಂದ ಬಂದ ಹಾರಾಟಗಳೂ ಇರುತ್ತಿದ್ದವಂತೆ. ಓಡಿಬರದೆ ನಿಂತಲ್ಲಿಂದಲೇ ಪಾದ ಜೋಡಿಸಿ ಹಾರುವುದು ಒಂದು. ಚರ್ಮ ಹೊದಿಸಿದ ಮರದ ಕುದುರೆಯನ್ನು ಉದ್ದಕ್ಕೆ ದಾಟುವುದು ಇನ್ನೊಂದು. ಮೂರನೆಯದು ಹಲಗೆ ಹಾರಾಟ. ಓಡಿಬಂದು, ಇಳಿಜಾರಾಗಿ ಇಟ್ಟ ಪುಟಿಯುವ ಹಲಗೆಯನ್ನು ಎರಡೂ ಪಾದಗಳಿಂದ ಒಟ್ಟಿಗೆ ಒದ್ದು, ಎತ್ತರಕ್ಕೆ ಕಟ್ಟಿದ ಹಗ್ಗವನ್ನು ದಾಟುವುದು. ದಾಟಿದರೆ ಸಾಲದು. ಆಚೆ ಇಳಿದಾಗ ಕೈ ಊರಿದರೆ, ಒಂದು ಹೆಜ್ಜೆ ಕಿತ್ತರೆ, ಹಾರಿದ್ದು ವ್ಯರ್ಥ. ಮೂರು ಎಣಿಸುವ ತನಕ ನಿಂತಿರಬೇಕು. ಅವರು ಪ್ರೋಗ್ರಾಂಗಳಿಗೂ ಅದೇ ಮಾತು ಹೇಳುತ್ತಿದ್ದರು. ನಾನು ಓಡೋಡಿ ಬಂದು "ರನ್ ಆಯ್ತು" ಎಂದರೆ, ಕನ್ನಡಕದ ಮೇಲಿಂದ ನೋಡಿ, "ನಿಂತಿತಾ?" ಎನ್ನುತ್ತಿದ್ದರು.

"ಅದೆಲ್ಲ ಈಗ ಯಾಕಿಲ್ಲ?" ಎಂದೆ.

"ಓಟದವರು ಅಂದ್ರು, ಹಲಗೆ ಮೇಲಕ್ಕೆತ್ತುತ್ತೆ, ಇದು ಮನುಷ್ಯ ಹಾರಿದ್ದಲ್ಲ, ನಮ್ಮದಲ್ಲ. ಜಿಮ್ನಾಸ್ಟಿಕ್‌ನವರು ಅಂದ್ರು, ಟೇಪು ಹಿಡಿದು ಅಳೆಯೋದು ಸಂತೆಯವರ ಬುದ್ಧಿ, ನಮ್ಮದಲ್ಲ. ಎರಡು ಮನೆಯವರೂ ಬಾಗಿಲು ಹಾಕಿದ್ರು. ಹಾರಿದವರು ಬೀದಿಯಲ್ಲಿ ಉಳಿದ್ರು."

"ನಿಮ್ಮ ತಂದೆ ಎಷ್ಟು ಹಾರಿದ್ರು?"

"ಎರಡು ಮೀಟರ್ ಅರವತ್ತಾರು. ಹಲಗೆಯಿಂದ."

ಬಸವರಾಜ ಬೆರಳಲ್ಲೇ ಲೆಕ್ಕ ಹಾಕಿದ. "ಎಂಟೂಮುಕ್ಕಾಲ ಅಡಿ! ಹಂಗಾರ ಜಿಗದು ಹೋಗಿ ನಮ್ಮ ಮನಿ ಮಾಳಗಿ ಮ್ಯಾಲ ಕುಂತಂಗಾತು. ಏಣಿನ ಬ್ಯಾಡ." ಅದನ್ನು ನಾನು ಇಂಗ್ಲಿಷ್ ಮಾಡಿ ಹೇಳಿದಾಗ ಅವರು ಜೋರಾಗಿ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅವತ್ತು ನಾನೂ ನಕ್ಕೆ, ಎಂಟೂಮುಕ್ಕಾಲು ಅಡಿ ಎಂಬುದನ್ನು ಕಿವಿಯಾರೆ ಕೇಳಿದೆ. ಇದನ್ನು ನೆನಪಿಡಿ. ನಾನು ಮರೆತೆ.

ಮಾರನೇ ವರ್ಷ, ತೊಂಬತ್ತೊಂಬತ್ತರ ವಸಂತದಲ್ಲಿ, ನನ್ನನ್ನೂ ನನ್ನ ಹೆಂಡತಿ ಸುಧಾಳನ್ನೂ ಓಲ್ಡ್ ಬ್ರಿಡ್ಜ್ ಎಂಬ ಊರಿನ ತಮ್ಮ ಮನೆಗೆ ಕಾಫಿಗೆ ಕರೆದರು. ಅವರ ಹೆಂಡತಿ ತೀರಿಹೋಗಿ ಆಗಲೇ ಬಹಳ ವರ್ಷವಾಗಿತ್ತು. ಬಾಗಿಲು ತೆಗೆದ ತಕ್ಷಣ ಸುಧಾ ನನ್ನ ತೋಳು ಹಿಡಿದಳು. "ರೀ, ಏಲಕ್ಕಿ ವಾಸನೆ!" ಹೌದು, ಏಲಕ್ಕಿಯೇ. ಅವರ ತಾಯಿ ಮಾಡುತ್ತಿದ್ದ ಬನ್ನಂತೆ. ಹಿಟ್ಟಿಗೆ ಏಲಕ್ಕಿ ಕುಟ್ಟಿ ಹಾಕುವುದು ಸ್ವೀಡನ್ನಿನಲ್ಲಿ ಮನೆಮನೆಯ ರೂಢಿಯಂತೆ. ಸುಧಾ ಮೂರು ತಿಂದಳು. ಊರು ಬಿಟ್ಟ ಮೇಲೆ ಅವಳು ಅಷ್ಟು ಖುಷಿಯಾಗಿ ತಿಂದದ್ದನ್ನು ನಾನು ನೋಡಿರಲಿಲ್ಲ.

ಆಮೇಲೆ ಒಳಗಿನ ಕೋಣೆ ತೋರಿಸಿದರು. ಗೋಡೆಯುದ್ದಕ್ಕೂ ಶೂ ಪೆಟ್ಟಿಗೆಗಳು, ಅದರೊಳಗೆ ಒತ್ತೊತ್ತಾಗಿ ಕಾರ್ಡುಗಳು. ಒಂದು ಕಾರ್ಡಿಗೆ ಒಬ್ಬ ಮನುಷ್ಯ, ಒಂದು ಹಾರಾಟ: ಹೆಸರು, ಊರು, ದಿನ, ಯಾವ ಬಗೆ, ಎಷ್ಟು ಎತ್ತರ. ಬೆನ್ನಿಗೆ ಸಾಕ್ಷಿ ಅಂಟಿಸಿರುತ್ತಿತ್ತು. ಪತ್ರಿಕೆಯ ತುಂಡೋ, ಯಾರದೋ ಮೊಮ್ಮಗಳ ಕಾಗದವೋ. ಸಾಕ್ಷಿ ಇಲ್ಲದ ಕಾರ್ಡುಗಳ ಮೇಲೆ ಪೆನ್ಸಿಲಿನ ಪ್ರಶ್ನೆ ಗುರುತು. ರಜೆಯಲ್ಲಿ ಸ್ವೀಡನ್ನಿಗೆ ಹೋಗಿ, ಉಳಿದ ದಿನ ಅಂಚೆಯಲ್ಲಿ ಕೇಳಿ ಕೇಳಿ, ಒಬ್ಬರೇ ಕೂಡಿಸಿದ್ದು.

ಮೊದಲ ಪೆಟ್ಟಿಗೆಯ ಮೊದಲ ಕಾರ್ಡನ್ನು ಸುಧಾಳ ಕೈಗೆ ಕೊಟ್ಟರು. ಅವರ ತಂದೆಯದು.

"ಅಪ್ಪ ಇಲ್ಲಿ ಮೂವತ್ತೈದು ವರ್ಷ ಬಂದರಿನಲ್ಲಿ ಮರಗೆಲಸ ಮಾಡಿದ. ಒಬ್ಬರಿಗೂ ಒಂದು ಮಾತು ಹೇಳಲಿಲ್ಲ. ಅವನ ಶವಸಂಸ್ಕಾರದ ದಿನ ಊರಿನವನೊಬ್ಬ ಮುದುಕ ಬಂದು ನನ್ನ ಕೈ ಹಿಡಿದು ಹೇಳಿದ, ನಿನ್ನಪ್ಪ ಹಲಗೆಯಿಂದ ಎರಡು ಅರವತ್ತಾರು ಹಾರಿ ನಿಂತಿದ್ದ, ನಾನು ಹಗ್ಗ ಹಿಡಿದಿದ್ದೆ ಅಂತ. ನಂಬಿಕೆ ಬರಲಿಲ್ಲ. ಮನೆಗೆ ಬಂದು ಈ ಕಾರ್ಡು ಬರೆದು ಪ್ರಶ್ನೆ ಗುರುತು ಹಾಕಿದೆ."

ಆ ಗುರುತನ್ನು ಅಳಿಸಲು ಇಪ್ಪತ್ತೆರಡು ವರ್ಷ ಬೇಕಾಯಿತು. ಕೊನೆಗೆ ಒಂದು ಸಣ್ಣ ಊರಿನ ಗ್ರಂಥಾಲಯದಿಂದ ಕಾಗದ ಬಂತು. ಆ ದಿನದ ಪತ್ರಿಕೆ ಮುಟ್ಟಿದರೆ ಪುಡಿಯಾಗುವಂತಿದೆ, ಫೋಟೋಕಾಪಿ ಮಾಡಲಾಗದು, ಆದ್ದರಿಂದ ಕಣ್ಣಿಂದ ನೋಡಿ ಕೈಯಲ್ಲಿ ನಕಲು ಮಾಡಿದ್ದೇನೆ ಎಂದು ಬರೆದು, ಗ್ರಂಥಪಾಲಕಿ ಸಹಿ ಹಾಕಿ ಮೊಹರು ಒತ್ತಿದ್ದಳು. ಆ ಕಾಗದ ಕಾರ್ಡಿನ ಬೆನ್ನಿಗಿತ್ತು. ಕಾರ್ಡಿನ ಮೇಲೆ ಅಳಿಸಿದ ಜಾಗ ಸ್ವಲ್ಪ ಬೆಳ್ಳಗೆ ಕಾಣುತ್ತಿತ್ತು. ಸುಧಾ ಅದರ ಮೇಲೆ ಬೆರಳಾಡಿಸಿದಳು.

"ನಾನು ಸತ್ತ ಮೇಲೆ ಇದು ಎಲ್ಲಾದರೂ ಒಂದು ಕಡೆ ಉಳಿಯಬೇಕು," ಎಂದರು. "ಉಳಿದವರದು ಉಳಿದರೆ ಸಂತೋಷ. ಇದು ಉಳಿಯಲೇಬೇಕು."

ಆದರೆ ಉಳಿಸುವ ಜಾಗವಿರಲಿಲ್ಲ. ಬರುವ ಜನವರಿಯಲ್ಲಿ ಕೆಲಸದಿಂದ ನಿವೃತ್ತಿ. ಮನೆ ಮಾರಿ ಓಹಾಯೋದಲ್ಲಿ ಮಗಳ ಮನೆಯ ಒಂದು ಕೋಣೆಗೆ ಹೋಗುವವರಿದ್ದರು. ಪೆಟ್ಟಿಗೆಗಳು ಬರಕೂಡದು ಎಂದು ಮಗಳು ಹೇಳಿಬಿಟ್ಟಿದ್ದಳು. ಒಂದೆರಡು ಕ್ರೀಡಾ ಸಂಸ್ಥೆಗಳಿಗೆ ಬರೆದು ಕೇಳಿದರೆ, ಇಂಥ ಸ್ಪರ್ಧೆಗಳು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ಉತ್ತರ ಬಂದಿತ್ತು.

ಆಗ ನಾನು ಎದೆ ಉಬ್ಬಿಸಿ ಹೇಳಿದೆ: "ನಾನಿದ್ದೀನಲ್ಲ. ಎಲ್ಲ ಕಂಪ್ಯೂಟರಿಗೆ ಹಾಕಿಕೊಡ್ತೀನಿ. ಒಂದು ಪುಸ್ತಕವಾಗುತ್ತೆ, ಸೂಟ್‌ಕೇಸಿನಲ್ಲಿ ಹಿಡಿಯುತ್ತೆ."

ಅವರು ಬಹಳ ಹೊತ್ತು ಪೆಟ್ಟಿಗೆಗಳನ್ನೇ ನೋಡಿದರು. "ನಿಲ್ಲುತ್ತಾ?" ಎಂದರು.

"ನಿಲ್ಲುತ್ತೆ," ಎಂದೆ.

ಕಾರ್ಡುಗಳನ್ನು ಟೈಪ್ ಮಾಡಿದವಳು ಸುಧಾ. ಅವಳು ಬಿ.ಎಸ್ಸಿ. ಓದಿದವಳು, ವೀಸಾದ ಪ್ರಕಾರ ಇಲ್ಲಿ ಕೆಲಸ ಮಾಡುವಂತಿರಲಿಲ್ಲ. ಕಿಟಕಿಯಿಂದ ಪಾರ್ಕಿಂಗ್ ಲಾಟ್ ನೋಡಿಕೊಂಡು ಕೂತಿರುತ್ತಿದ್ದವಳಿಗೆ ಆ ಬೇಸಿಗೆ ಒಂದು ಕೆಲಸ ಸಿಕ್ಕಿತು. ಬಾಯಿಗೆ ಬಾರದ ಆ ಊರುಗಳ ಹೆಸರನ್ನು ಅಕ್ಷರ ಅಕ್ಷರ ನೋಡಿ ಹೊಡೆದಳು. ವಾರಕ್ಕೊಮ್ಮೆ ಕಪ್ಪೆ ಅಜ್ಜ ಆಫೀಸಿಗೆ ಒಂದು ಪೆಟ್ಟಿಗೆ ತರುತ್ತಿದ್ದರು, ಮುಗಿದದ್ದನ್ನು ನಾನು ವಾಪಸು ಕೊಡುತ್ತಿದ್ದೆ. ನಾನು ಮನೆಗೆ ಬಂದರೆ ಅವಳ ಬಳಿ ಸುದ್ದಿ ತಯಾರಿರುತ್ತಿತ್ತು. "ಇವತ್ತೊಬ್ಬ ಬಂದಿದ್ದ ರೀ, ಪಾದ್ರಿ. ನಿಂತಲ್ಲಿಂದಲೇ ಹಾರಿ ಮೂರನೇ ಬಹುಮಾನ." ಸತ್ತವರೆಲ್ಲ ನಮ್ಮ ಮನೆಗೆ ಬಂದು ಹೋಗುವವರಂತೆ ಮಾತಾಡುತ್ತಿದ್ದಳು.

ಒಂದು ಸಂಜೆ ಅವಳು ಕೇಳಿದಳು: "ರೀ, ಈ ಹಲಗೆಯವರ ನಂಬರ್‌ಗಳು ಬೇರೆಯವರಿಗಿಂತ ತುಂಬಾ ದೊಡ್ಡವು. ನಿಮ್ಮ ಪ್ರೋಗ್ರಾಂ ಇದನ್ನೆಲ್ಲ ತಗೊಳ್ಳುತ್ತಲ್ವಾ?"

ನಾನು ಟಿ.ವಿ. ನೋಡುತ್ತಿದ್ದೆ. "ನೀನು ಇದ್ದದ್ದನ್ನ ಇದ್ದಹಾಗೆ ಟೈಪ್ ಮಾಡು ಸಾಕು. ಪ್ರೋಗ್ರಾಂ ನೋಡ್ಕೊಳ್ಳುತ್ತೆ."

ಪ್ರೋಗ್ರಾಂ ನೋಡಿಕೊಂಡಿತು. ಯಾರೇ ಟೈಪ್ ಮಾಡಲಿ ತಪ್ಪು ಬಂದೇ ಬರುತ್ತದೆ; ಒಂದು ಸೊನ್ನೆ ಹೆಚ್ಚು, ಒಂದು ಚುಕ್ಕೆ ಆಚೀಚೆ. ಅದನ್ನು ಹಿಡಿಯಲು ಎತ್ತರಕ್ಕೆ ಒಂದು ಮಿತಿ ಹಾಕಬೇಕು. ಕಾಲೇಜಿನಲ್ಲಿ ನಾವು ಕಲಿತ ಮೊದಲ ಪಾಠ ಅದು. ಏನು ಮಿತಿ ಹಾಕುವುದು? ಹೈಜಂಪಿನ ವಿಶ್ವದಾಖಲೆ ಎಷ್ಟೆಂದು ಹುಡುಕಿದೆ. ಎರಡು ಮೀಟರ್ ನಲವತ್ತೈದು. ನೂರು ವರ್ಷದ ಹಿಂದಿನ ಬಡಗಿಗಳು, ಪಾದ್ರಿಗಳು ಅದಕ್ಕಿಂತ ಹೆಚ್ಚು ಹಾರಿರಲು ಸಾಧ್ಯವೇ ಇಲ್ಲ. ಹಾಗಿದ್ದರೆ ಅದು ಟೈಪಿಂಗ್ ತಪ್ಪು. ಆ ಸಾಲನ್ನು ಬಿಟ್ಟು ಮುಂದಕ್ಕೆ ಹೋಗು ಎಂದು ಬರೆದೆ. ಒಂದೇ ಒಂದು ಸಾಲು. ಬರೆದು, ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡು ಕಾಫಿ ಕುಡಿದೆ.

ಬಿಟ್ಟ ಸಾಲುಗಳನ್ನು ಎಲ್ಲಾದರೂ ಬೇರೆ ಕಡೆ ಬರೆದಿಡಬೇಕಿತ್ತು. ಆಫೀಸಿನಲ್ಲಾದರೆ ಬರೆದಿಡುತ್ತಿದ್ದೆ. ಇದು ಮುದುಕರ ಹವ್ಯಾಸವಲ್ಲವೇ, ಎಂದು ಬಿಟ್ಟೆ.

ನವೆಂಬರಿನಲ್ಲಿ ಮಗಳು ಬಂದು ಮನೆಯ ಹಳೇ ಸಾಮಾನನ್ನೆಲ್ಲ ಖಾಲಿ ಮಾಡಿಸಿದಳು. ಅವರು ಫೋನ್ ಮಾಡಿದರು. "ಪೆಟ್ಟಿಗೆಗಳನ್ನ ಹೊರಗಿಡೋದಾ? ನಾಳೆ ಹಳೇ ಕಾಗದದ ಗಾಡಿ ಬರುತ್ತೆ."

"ಧೈರ್ಯವಾಗಿ ಇಡಿ. ಎಲ್ಲ ನನ್ನ ಹತ್ತಿರ ಇದೆ."

"ಅಪ್ಪನ ಕಾರ್ಡು?"

"ಅದೂ ಇದೆ."

ಅವರು ಎಲ್ಲವನ್ನೂ ಇಟ್ಟರು. ಅದೊಂದನ್ನಾದರೂ ಉಳಿಸಿಕೊಳ್ಳಬಾರದಿತ್ತೇ ಎಂದು ಈಗಲೂ ಅನ್ನಿಸುತ್ತದೆ. ಆದರೆ ಅವರು ಮಾತು ನಂಬುವ ಜಾತಿಯವರು. ಇದೆ ಎಂದವನು ಇಂಜಿನಿಯರ್.

ಎರಡು ಸಾವಿರ ಬಂತು, ಏನೂ ಕುಸಿಯಲಿಲ್ಲ. ಜನವರಿಯ ಕೊನೆಯಲ್ಲಿ ಅವರಿಗೆ ಆಫೀಸಿನ ಕ್ಯಾಫೆಟೇರಿಯಾದಲ್ಲಿ ವಿದಾಯದ ಊಟ. ನಾನು ಒಳ್ಳೆಯ ದಪ್ಪ ಕಾಗದದಲ್ಲಿ ಪ್ರಿಂಟ್ ತೆಗೆಸಿ, ನೀಲಿ ರಟ್ಟು ಹಾಕಿಸಿ, ಎಲ್ಲರ ಮುಂದೆ ಕೊಟ್ಟೆ. ಚಪ್ಪಾಳೆ ಬಿತ್ತು. ಅವರು ಕನ್ನಡಕ ಹಾಕಿಕೊಂಡು ಹಲಗೆ ಹಾರಾಟದ ಭಾಗಕ್ಕೆ ಹೋದರು. ಎತ್ತರದ ಪ್ರಕಾರ ಜೋಡಿಸಿದ್ದೆ, ಅತಿ ಹೆಚ್ಚು ಹಾರಿದವರು ಮೇಲೆ. ಮೊದಲ ಪುಟ ನೋಡಿದರು. ಎರಡನೆಯದು ನೋಡಿದರು. ಮತ್ತೆ ಮೊದಲನೆಯದಕ್ಕೆ ಬಂದರು. ಬೆರಳು ಮೇಲಿನ ಸಾಲಿನ ಮೇಲೇ ನಿಂತಿತು. ಆಮೇಲೆ ಪುಸ್ತಕ ಮುಚ್ಚಿ, ರಟ್ಟನ್ನು ಸವರಿ, "ಒಳ್ಳೇ ಕಾಗದ," ಎಂದರು.

ಅಷ್ಟೇ. ಕೇಕು ತಿಂದರು. ಎಲ್ಲರ ಕೈ ಕುಲುಕಿದರು.

ಸಂಜೆ ನಾನೂ ಬಸವರಾಜನೂ ಕಾರಿನಲ್ಲಿ ಕೂತಿದ್ದಾಗ ಅವರು ಹಿಂಬಾಗಿಲಿಂದ ಬಂದರು, ಬಗಲಲ್ಲಿ ನೀಲಿ ಪುಸ್ತಕ. ಮೂರನೇ ಮೆಟ್ಟಿಲ ಮೇಲೆ ನಿಂತರು. ಆಮೇಲೆ ಕಂಬಿ ಹಿಡಿದುಕೊಂಡು ನಾಲ್ಕನೆಯದನ್ನು ಇಳಿದರು. ಐದನೆಯದನ್ನು ಇಳಿದರು.

ಬಸವರಾಜ ಕೀಲಿ ತಿರುಗಿಸಿದವನು ಹಾಗೇ ನಿಲ್ಲಿಸಿದ. "ಇವತ್ತ ಅಜ್ಜಾ ಜಿಗೀಲಿಲ್ಲಲೇ," ಎಂದ. ಅವನ ದನಿಯಲ್ಲಿ ತಮಾಷೆ ಇರಲಿಲ್ಲ. "ಏನ ಮಾಡಿದ್ಯೋ ನೀ?"

ಮನೆಗೆ ಬಂದು ಕಂಪ್ಯೂಟರ್ ತೆರೆದೆ. ಅವರ ತಂದೆಯ ಹೆಸರು ಹುಡುಕಿದೆ. ಇಲ್ಲ. ಹಲಗೆ ಹಾರಾಟದ ಪಟ್ಟಿ ಎರಡು ನಲವತ್ತೈದಕ್ಕೆ ಶುರುವಾಗಿ ಕೆಳಗಿಳಿಯುತ್ತಿತ್ತು. ಸುಮಾರಾಗಿ ಹಾರಿದವರೆಲ್ಲ ಇದ್ದರು. ಚೆನ್ನಾಗಿ ಹಾರಿದವರು ಒಬ್ಬರೂ ಇರಲಿಲ್ಲ. ಸುಧಾ ಟೈಪ್ ಮಾಡಿ ತುಂಬಿಸಿಟ್ಟಿದ್ದ ಫ್ಲಾಪಿ ಡಿಸ್ಕುಗಳು? ಹೊಸ ಕೆಲಸಕ್ಕೆಂದು ರೆಸ್ಯೂಮೆ ಕಳಿಸಲು ನಾನೇ ಅವನ್ನು ಒರೆಸಿ ತುಂಬಿಸಿದ್ದೆ. ಕಾರ್ಡುಗಳು ನವೆಂಬರಿನಲ್ಲೇ ಗಾಡಿಯಲ್ಲಿ ಹೋಗಿದ್ದವು.

ಸುಧಾ ನನ್ನ ಬೆನ್ನ ಹಿಂದೆ ನಿಂತು ಎಲ್ಲ ನೋಡಿದಳು. "ನಾನು ಕೇಳಿದ್ನಲ್ಲ," ಎಂದಳು, ಮೆತ್ತಗೆ. ಆಮೇಲೆ ನೋಟ್‌ಬುಕ್ ತಂದು ಮೇಜಿಗೆ ಕೂತು, ತಾನು ಟೈಪ್ ಮಾಡಿದ ಹಲಗೆಯವರನ್ನು ನೆನಪಿನಿಂದ ಬರೆಯಲು ಹೊರಟಳು. ಹತ್ತು ಹನ್ನೆರಡು ಹೆಸರು ಬಂದವು. ಅವರ ತಂದೆಯದನ್ನು ಮೊದಲು ಬರೆದಳು. ಆದರೆ ಬರೆದ ಹೆಸರಿಗೆ ಬೆನ್ನಿನಲ್ಲಿ ಕಾಗದವಿರಲಿಲ್ಲ, ಮೊಹರಿರಲಿಲ್ಲ.

ಮಾರನೇ ದಿನ ಫೋನ್ ಮಾಡಿ ಒಪ್ಪಿಕೊಂಡೆ. ವಿಶ್ವದಾಖಲೆಯ ಮಿತಿ ಹಾಕಿದ್ದು, ಸಾಲು ಬಿಟ್ಟದ್ದು, ಎಲ್ಲ ಹೇಳಿದೆ. ಬೈಯಲಿ ಎಂದು ಕಾದೆ.

"ನಿನ್ನದೊಂದೇ ತಪ್ಪಲ್ಲ," ಎಂದರು. "ತೊಂಬತ್ತು ವರ್ಷದಿಂದ ಎಲ್ಲರೂ ಇದನ್ನೇ ಮಾಡಿದ್ದಾರೆ. ಇಷ್ಟು ಎತ್ತರ ಹಾರೋಕೆ ಆಗಲ್ಲ, ಆದ್ದರಿಂದ ಹಾರಿಲ್ಲ. ನೀನು ಬೇಗ ಮಾಡಿದೆ, ಅಷ್ಟೇ."

ಬೈದಿದ್ದರೆ ಚೆನ್ನಾಗಿತ್ತು.

ನಾನು ಆ ಗ್ರಂಥಾಲಯಕ್ಕೆ ಬರೆದೆ. ಊರಿನ ಹೆಸರು ಸುಧಾಳಿಗೆ ಅಕ್ಷರ ತಪ್ಪದೆ ನೆನಪಿತ್ತು. ಎರಡು ತಿಂಗಳ ಮೇಲೆ ಉತ್ತರ ಬಂತು, ತುಂಬಾ ಸೌಜನ್ಯದ ಕಾಗದ. ಆ ಗ್ರಂಥಪಾಲಕಿ ನಿವೃತ್ತಿಯಾಗಿ, ಈಗ ತೀರಿಹೋಗಿದ್ದಾಳೆ. ಆ ವರ್ಷದ ಪತ್ರಿಕೆಯ ಕಟ್ಟು ಪೂರ್ತಿ ಪುಡಿಯಾದ್ದರಿಂದ ತೆಗೆದುಹಾಕಲಾಗಿದೆ. ಬೇರೆಲ್ಲೂ ಪ್ರತಿ ಇರುವುದು ತಿಳಿದಿಲ್ಲ. ಆ ಕಾಗದವನ್ನು ಓಹಾಯೋಗೆ ಕಳಿಸಿದೆ. ಕಳಿಸದಿದ್ದರೆ ಆಗುತ್ತಿತ್ತೇನೋ. ಆದರೆ ಅವರಿಂದ ಸಾಕ್ಷಿ ಮುಚ್ಚಿಡುವುದು ಇನ್ನೊಂದು ತಪ್ಪಾಗುತ್ತಿತ್ತು.

ಅದಕ್ಕೆ ಉತ್ತರ ಬರಲಿಲ್ಲ. ಆದರೆ ಜೂನ್ ಒಂದಕ್ಕೆ ಕಾರ್ಡು ಬಂತು, ತಾರೀಖಿನ ಮುಂದೆ ಪೆನ್ಸಿಲಿನ ಪ್ರಶ್ನೆ ಗುರುತಿನೊಂದಿಗೆ. ಕೆಳಗೆ, "ಕೆರೆ ಸಿಕ್ಕಿತಾ?" ಮಾರನೇ ವರ್ಷವೂ ಬಂತು. ಆ ಹೊತ್ತಿಗೆ ಇಲ್ಲಿ ಕೆಲಸಗಳು ಒಂದೊಂದಾಗಿ ಹೋಗತೊಡಗಿದ್ದವು, ಬಸವರಾಜನನ್ನು ಒಂದು ಶುಕ್ರವಾರ ಅವನ ಮೇಜಿನ ಸಾಮಾನಿನ ಪೆಟ್ಟಿಗೆ ಕೈಗೆ ಕೊಟ್ಟು ಕೆಲಸದಿಂದ ಕಳಿಸಿದ್ದರು. ಆ ಹಿಂಬಾಗಿಲಿನಿಂದ ನಾನೊಬ್ಬನೇ ಇಳಿಯುತ್ತಿದ್ದೆ, ಐದೂ ಮೆಟ್ಟಿಲು. ಕೆರೆ ಒಡೆದ ದಿನವನ್ನು ನಾನು ಹುಡುಕಿಸಲಿಲ್ಲ. ನನ್ನ ಸರ್ಟಿಫಿಕೇಟುಗಳೆಲ್ಲ ಜೂನ್ ಒಂದರ ಮೇಲೆ ನಿಂತಿವೆ. ಅಲುಗಾಡಿಸಲು ನನಗೆ ಧೈರ್ಯವಿಲ್ಲ. ಅವರ ಸುಳ್ಳಲ್ಲದ ದಾಖಲೆಯನ್ನು ಅಳಿಸಿದ ಕೈ, ನನ್ನ ಸುಳ್ಳು ದಾಖಲೆಯನ್ನು ಜೋಪಾನವಾಗಿ ಚೌಕಟ್ಟು ಹಾಕಿಟ್ಟುಕೊಂಡಿದೆ.

ಈಗ ನೀಲಿ ಪುಸ್ತಕ ವಾಪಸು ಬಂದಿದೆ. ಹಲಗೆ ಹಾರಾಟದ ಮೊದಲ ಪುಟದಲ್ಲಿ, ನಾನು ಅಂದಕ್ಕೆಂದು ಬಿಟ್ಟಿದ್ದ ಮೇಲಿನ ಖಾಲಿ ಜಾಗದ ತುಂಬ ಅವರ ಅಕ್ಷರ. ಅಲ್ಲಿ ಸಾಲದೆ ಅಂಚಿನಲ್ಲಿ, ಹಿಂದಿನ ರಟ್ಟಿನ ಒಳಗೆ. ಎರಡು ನಲವತ್ತೈದು ದಾಟಿದವರನ್ನು ನೆನಪಿನಿಂದ ಬರೆದಿದ್ದಾರೆ, ಎಷ್ಟು ತಿಂಗಳು ಹಿಡಿಯಿತೋ. ಬಡಗಿ, ಕಮ್ಮಾರ, ಶಾಲೆಯ ಮೇಷ್ಟರು. ಹೆಸರು, ಊರು, ಎತ್ತರ. ಯಾರಿಗೂ ಈಗ ಸಾಕ್ಷಿ ಇಲ್ಲವಾದ್ದರಿಂದ ಪ್ರತಿಯೊಬ್ಬರ ಮುಂದೆಯೂ ಪೆನ್ಸಿಲಿನ ಪ್ರಶ್ನೆ ಗುರುತು, ಉಸಿರು ಬಿಟ್ಟರೆ ಹಾರಿಹೋಗುವಷ್ಟು ಮೆತ್ತಗೆ. ಎಲ್ಲರಿಗಿಂತ ಮೇಲೆ ಅವರ ತಂದೆ. ಎರಡು ಮೀಟರ್ ಅರವತ್ತಾರು. ಅಲ್ಲೂ ಪ್ರಶ್ನೆ ಗುರುತು.

ಸುಧಾ ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡಳು. ಹೋಗಿ ಡ್ರಾಯರಿನಿಂದ ರಬ್ಬರ್ ತಂದಳು. "ಅವರಪ್ಪನ ಕಾರ್ಡನ್ನ ನಾನು ಕೈಯಲ್ಲಿ ಹಿಡಿದಿದ್ದೆ ರೀ. ಹಿಂದಿನ ಮೊಹರು ನೋಡಿದ್ದೆ. ನಾನು ಸಾಕ್ಷಿ ಅಲ್ವಾ?" ಎಂದು, ಆ ಮೊದಲ ಸಾಲಿನ ಗುರುತಿನ ಮೇಲೆ ಮೆಲ್ಲಗೆ ಉಜ್ಜಿದಳು. ಮತ್ತೆ ಉಜ್ಜಿದಳು. ಕಾಗದ ಸ್ವಲ್ಪ ಸವೆಯಿತು, ಗುರುತು ಹಾಗೇ ಇತ್ತು. ದೀಪದ ಹತ್ತಿರ ಹಿಡಿದು ನೋಡಿದಳು.

"ಇದೊಂದನ್ನ ಪೆನ್ನಲ್ಲಿ ಹಾಕಿದ್ದಾರೆ ರೀ," ಎಂದಳು.